ಮನೆಯ ಕುಡಿಯುವ ನೀರಿನ ಶುದ್ಧೀಕರಣ: ಯಂತ್ರ, ಜೋಡಣೆ, ನಿರ್ವಹಣೆ

ನಲ್ಲಿ, ಬಾವಿ, ಬೋರ್‌ವೆಲ್ ಅಥವಾ ಟ್ಯಾಂಕರ್‌ನಿಂದ ಮನೆಗೆ ಬಂದ ನೀರಿನಲ್ಲಿ ಕೆಸರು, ರೋಗಾಣು, ಹೆಚ್ಚಿನ ಲವಣ, ವಿಷಾಂಶ ಏನೇ ಇದ್ದರೂ ಅದನ್ನು ಕುಡಿಯುವ ಮೊದಲು ಮನೆಯಲ್ಲೇ ತೆಗೆಯುವ ಏರ್ಪಾಟೇ ಗೃಹಬಳಕೆಯ ನೀರು ಶುದ್ಧೀಕರಣ ವ್ಯವಸ್ಥೆ. ಬಿಂದಿಗೆಯ ಬಾಯಿಗೆ ಕಟ್ಟುವ ಬಿಳಿ ಬಟ್ಟೆಯಿಂದ ಹಿಡಿದು ಅಡುಗೆಮನೆ ಗೋಡೆಯ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರದವರೆಗೆ ಎಲ್ಲವೂ ಇದರಲ್ಲಿ ಸೇರುತ್ತವೆ. ಕರ್ನಾಟಕದ ಪಟ್ಟಣಗಳಲ್ಲಿ ಇಂದು ಹೊಸ ಮನೆ ಕಟ್ಟುವವರು ಸಿಂಕ್ ಪಕ್ಕದಲ್ಲಿ ಫಿಲ್ಟರ್‌ಗೆಂದೇ ಒಂದು ನೀರಿನ ಪಾಯಿಂಟ್, ಒಂದು ಪ್ಲಗ್ ಪಾಯಿಂಟ್ ಇಡಿಸುತ್ತಾರೆ. ಆದರೆ ಯಾವ ಯಂತ್ರ ಬೇಕೆಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಪಾವಗಡದ ಬೋರ್‌ವೆಲ್ ನೀರಿಗೆ ಬೇಕಾದ ಯಂತ್ರ ತೀರ್ಥಹಳ್ಳಿಯ ಬಾವಿ ನೀರಿಗೆ ಬೇಕಿಲ್ಲ.

ಹಿನ್ನೆಲೆ

ನೀರು ಸೋಸಿ ಕುಡಿಯುವುದು ಈ ನಾಡಿನ ಹಳೆಯ ಪದ್ಧತಿ. ಕೆರೆ ನೀರು ಕದಡಿದ್ದರೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ಕೆಸರನ್ನು ತಳಕ್ಕೆ ಇಳಿಸುತ್ತಿದ್ದರು. ನುಗ್ಗೆ ಬೀಜದ ಪುಡಿಗೂ ಇದೇ ಗುಣವಿದೆ: ಅದರಲ್ಲಿರುವ ಪ್ರೋಟೀನ್ ಮಣ್ಣಿನ ಸಣ್ಣ ಕಣಗಳನ್ನು ಒಟ್ಟುಗೂಡಿಸಿ ಭಾರವಾಗಿಸುತ್ತದೆ. ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಬೆಳಗ್ಗೆ ಕುಡಿಯುವ ರೂಢಿಯನ್ನು ಬೆಂಗಳೂರಿನ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲರಾ, ಆಮಶಂಕೆ ಮತ್ತು ಟೈಫಾಯ್ಡ್ ವರ್ಗದ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ಮೇಲೆ ಅವು ಜೀವಂತವಾಗಿ ಸಿಗಲಿಲ್ಲ. ನೀರಿಗೆ ಇಳಿದ ತಾಮ್ರದ ಪ್ರಮಾಣವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇತ್ತು.

ಊರಿಗೆಲ್ಲ ಸೋಸಿದ ನೀರು ಕೊಡುವ ಆಧುನಿಕ ಪ್ರಯತ್ನ ಸ್ಕಾಟ್‌ಲೆಂಡಿನ ಪೇಸ್ಲಿಯಲ್ಲಿ 1804ರಲ್ಲಿ ಮರಳಿನ ಸೋಸುಹಾಸಿನಿಂದ ಶುರುವಾಯಿತು. 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಒಂದು ಬೀದಿ ಪಂಪಿನ ನೀರಿಗೂ ಸುತ್ತಲಿನ ಕಾಲರಾ ಸಾವುಗಳಿಗೂ ಇದ್ದ ನಂಟನ್ನು ತೋರಿಸಿದ ಮೇಲೆ ಶುದ್ಧ ನೀರು ಆರೋಗ್ಯದ ಮೊದಲ ಪ್ರಶ್ನೆಯಾಯಿತು. ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆ ನೀರು ಬಂದದ್ದು 1896ರಲ್ಲಿ, ತಿಪ್ಪಗೊಂಡನಹಳ್ಳಿಯಿಂದ 1933ರಲ್ಲಿ, ಕಾವೇರಿಯಿಂದ 1974ರಲ್ಲಿ.

ಮನೆಯೊಳಗೆ ಬಹುಕಾಲ ಆಳಿದ್ದು ಕ್ಯಾಂಡಲ್ ಫಿಲ್ಟರ್. ಒಂದರ ಮೇಲೊಂದು ಕೂರುವ ಎರಡು ಸ್ಟೀಲ್ ಡಬ್ಬಿ. ಮೇಲಿನದರಲ್ಲಿ ಎರಡು ಬಿಳಿ ಪಿಂಗಾಣಿ ಕ್ಯಾಂಡಲ್, ಕೆಳಗಿನದರಲ್ಲಿ ಪುಟ್ಟ ನಲ್ಲಿ. ರಾತ್ರಿ ಸುರಿದ ನೀರು ಬೆಳಗಿನವರೆಗೆ ತೊಟ್ಟಿಕ್ಕಿ ಇಳಿಯುತ್ತಿತ್ತು. ವಾರಕ್ಕೊಮ್ಮೆ ಕ್ಯಾಂಡಲ್ ಬಿಚ್ಚಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಮೇಲಿನ ಕಂದು ಪದರ ಹೋಗಿ ಮತ್ತೆ ಬಿಳುಪು ಕಾಣುತ್ತಿತ್ತು. 1980ರ ದಶಕದಲ್ಲಿ ಯುರೇಕಾ ಫೋರ್ಬ್ಸ್‌ನ ಅಕ್ವಾಗಾರ್ಡ್ ಮನೆಬಾಗಿಲಿಗೆ ಬಂದಾಗ ಯುವಿ (ಅತಿನೇರಳೆ) ದೀಪದ ಶುದ್ಧೀಕರಣ ಮಧ್ಯಮವರ್ಗಕ್ಕೆ ಪರಿಚಯವಾಯಿತು.

ಆರ್‌ಒ ತಂತ್ರದ ಮೂಲ ಸಮುದ್ರದ ನೀರನ್ನು ಸಿಹಿ ಮಾಡುವ ಸಂಶೋಧನೆಯಲ್ಲಿದೆ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ಲವಣವನ್ನು ತಡೆಯುವ, ಬಳಕೆಗೆ ಒದಗುವಂಥ ಪೊರೆಯನ್ನು ತಯಾರಿಸಿದರು. 1965ರಲ್ಲಿ ಅದೇ ರಾಜ್ಯದ ಕೋಲಿಂಗಾ ಪಟ್ಟಣಕ್ಕೆ ಈ ತಂತ್ರದ ನೀರು ಸಿಕ್ಕಿತು. ಮುಂದೆ ಪೊರೆಗಳು ಸುಧಾರಿಸಿ ಕಡಿಮೆ ಒತ್ತಡದಲ್ಲೂ ಕೆಲಸ ಮಾಡತೊಡಗಿದಾಗ ಅಂಗೈಯಗಲದ ಪಂಪ್ ಇರುವ ಮನೆಯ ಯಂತ್ರ ಸಾಧ್ಯವಾಯಿತು.

ಯಾವ ಸೀಮೆಯಲ್ಲಿ ಯಾವ ನೀರು

ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಕುಡಿಯುವ ನೀರಿನ ಅಳತೆಗೋಲು. ಅದರಂತೆ ಕರಗಿದ ಒಟ್ಟು ಲವಣ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಗಡಸುತನಕ್ಕೆ 200, ಬೇರೆ ದಾರಿಯಿಲ್ಲದಾಗ 600. ಫ್ಲೋರೈಡ್ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ನೈಟ್ರೇಟ್ 45, ಇದಕ್ಕೆ ರಿಯಾಯಿತಿಯಿಲ್ಲ. ಮಲದ ಕುರುಹಾದ ಇ-ಕೋಲೈ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಕೂಡದು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಗದಗ, ರಾಯಚೂರು ಜಿಲ್ಲೆಗಳ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದು ಗ್ರಾನೈಟ್ ಮತ್ತು ನೈಸ್ ಬಂಡೆಗಳಿಂದ ನೀರಿಗೆ ಇಳಿಯುತ್ತದೆ. ಬೋರ್‌ವೆಲ್ ಆಳಕ್ಕಿಳಿದಷ್ಟೂ ನೀರು ಬಂಡೆಯ ಸಂದುಗಳಲ್ಲಿ ನಿಂತಿರುವ ಕಾಲ ಹೆಚ್ಚಿ, ಕರಗುವ ಖನಿಜವೂ ಹೆಚ್ಚುತ್ತದೆ. ಇಂಥ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ ಮೂಡುತ್ತವೆ. ಪ್ರಮಾಣ 3 ಮಿಲಿಗ್ರಾಂ ದಾಟಿ ಹಲವು ವರ್ಷ ಮುಂದುವರಿದರೆ ಬೆನ್ನು, ಮೊಣಕಾಲು ಬಿಗಿದುಕೊಳ್ಳುತ್ತವೆ. ಬಗ್ಗಿದ ಬೆನ್ನು ಮತ್ತೆ ನೇರವಾಗದು, ಅದಕ್ಕೆ ಔಷಧವಿಲ್ಲ. ಹಾಗಾಗಿ ನೀರು ಬದಲಿಸುವುದೇ ಚಿಕಿತ್ಸೆ.

ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಚಿನ್ನದ ನಿಕ್ಷೇಪವಿರುವ ಶಿಲಾಪಟ್ಟಿಯ ಕೆಲವು ಹಳ್ಳಿಗಳಲ್ಲಿ ಆರ್ಸೆನಿಕ್ ಕಂಡುಬಂದಿದೆ. ಗೊಬ್ಬರ ಹೆಚ್ಚು ಸುರಿದ ಹೊಲಗಳ ಆಸುಪಾಸಿನಲ್ಲಿ, ಶೌಚಗುಂಡಿಗಳು ಒತ್ತಾಗಿರುವ ಬಡಾವಣೆಗಳಲ್ಲಿ ನೈಟ್ರೇಟ್ ಕಾಟ. ಇದು ಎಳೆಯ ಕೂಸುಗಳ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಗ್ಗಿಸಬಲ್ಲದು. ಕರಾವಳಿ ಮತ್ತು ಮಲೆನಾಡಿನ ಬಾವಿ ನೀರು ಸಾಮಾನ್ಯವಾಗಿ ಮೃದು, ಲವಣ ಕಡಿಮೆ. ಅಲ್ಲಿನ ತೊಂದರೆ ಬಿಳಿ ಬಟ್ಟೆಗೆ ಕಲೆ ಕೂರಿಸುವ ಕಬ್ಬಿಣಾಂಶ ಮತ್ತು ಮಳೆಗಾಲದಲ್ಲಿ ಹರಿದು ಬಂದು ಸೇರುವ ಕೊಳಕು.

ರೋಗಾಣುವಿನ ಭಯ ಎಲ್ಲ ಊರಿಗೂ ಸಮಾನ. 2022ರ ಮೇ ತಿಂಗಳಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಟಿಡಿಎಸ್ ಎಷ್ಟೇ ಕಡಿಮೆ ಇರಲಿ, ಒಡೆದ ಪೈಪಿಗೆ ಚರಂಡಿ ನೀರು ಸೇರಿದರೆ ಅದು ವಿಷವೇ.

ಬೆಂಗಳೂರಿನ ಅನೇಕ ಮನೆಗಳಲ್ಲಿ ಇನ್ನೊಂದು ತೊಡಕಿದೆ. ದಿನ ಬಿಟ್ಟು ದಿನ ಬರುವ ಕಾವೇರಿ ನೀರು, ಬೋರ್‌ವೆಲ್ ನೀರು, ಬೇಸಿಗೆಯ ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಕಾವೇರಿ ನೀರಿನ ಟಿಡಿಎಸ್ ಸಾಮಾನ್ಯವಾಗಿ 500ರ ಒಳಗೇ ಇರುತ್ತದೆ. ಗಡಸು ನೀರು ಬೆರೆತ ಮೇಲೆ ಅದಕ್ಕೂ ಆರ್‌ಒ ಬೇಕೆನಿಸುತ್ತದೆ. ಕಾವೇರಿ ನೀರಿಗೆ ಪ್ರತ್ಯೇಕ ಸಣ್ಣ ಟ್ಯಾಂಕ್, ಅದರಿಂದ ಅಡುಗೆಮನೆಗೆ ಪ್ರತ್ಯೇಕ ಪೈಪ್ ಇದ್ದರೆ ಯಂತ್ರದ ಖರ್ಚು ಇಳಿದೀತು.

ಶುದ್ಧೀಕರಣದ ಬಗೆಗಳು

ಕುದಿಸುವುದು ಎಲ್ಲಕ್ಕಿಂತ ಹಳೆಯ, ಇಂದಿಗೂ ನಂಬಬಹುದಾದ ವಿಧಾನ. ಕೊತಕೊತನೆ ಒಂದು ನಿಮಿಷ ಕುದಿದರೆ ರೋಗಾಣುಗಳು ಸಾಯುತ್ತವೆ. ಗಡಸುತನದ ಒಂದು ಪಾಲು ಪಾತ್ರೆಯ ತಳದಲ್ಲಿ ಬಿಳಿ ಪೊರೆಯಾಗಿ ಕೂರುತ್ತದೆ. ಆದರೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಏರುತ್ತದೆ.

ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್, ಕ್ಲೋರಿನ್ ವಾಸನೆ, ಬಣ್ಣ ಮತ್ತು ಹಲವು ಕೀಟನಾಶಕಗಳನ್ನು ಹೀರುತ್ತದೆ. ಲವಣವನ್ನು ಮುಟ್ಟುವುದಿಲ್ಲ. ಯುವಿ ದೀಪ 254 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಿಂದ ರೋಗಾಣುಗಳ ವಂಶವಾಹಿಯನ್ನು ಕೆಡಿಸಿ ಅವು ಮರಿಮಾಡದಂತೆ ತಡೆಯುತ್ತದೆ. ನೀರು ಕದಡಿದ್ದರೆ ಬೆಳಕು ಒಳಹೊಗದು, ಕರೆಂಟ್ ಇಲ್ಲದಾಗ ಕೆಲಸವೂ ಇಲ್ಲ. ಯುಎಫ್ (ಅಲ್ಟ್ರಾಫಿಲ್ಟ್ರೇಷನ್) ಪೊರೆಯ ರಂಧ್ರ ಸುಮಾರು 0.01 ಮೈಕ್ರಾನ್. ಬ್ಯಾಕ್ಟೀರಿಯಾ ಒಂದು ಮೈಕ್ರಾನ್ ಆಸುಪಾಸಿನ ಗಾತ್ರದವಾದ್ದರಿಂದ ಅದರಲ್ಲಿ ತೂರಲಾರವು. ಟ್ಯಾಂಕ್ ಎತ್ತರದಲ್ಲಿದ್ದರೆ ಇದಕ್ಕೆ ವಿದ್ಯುತ್ತೂ ಬೇಡ. ಲವಣ ಕಡಿಮೆ ಇರುವ ಮಲೆನಾಡು, ಕರಾವಳಿ ಮತ್ತು ನದಿ ನೀರಿನ ಪಟ್ಟಣಗಳ ಬಹುಪಾಲು ಮನೆಗಳಿಗೆ ಕಾರ್ಬನ್ ಜೊತೆ ಯುಎಫ್ ಅಥವಾ ಯುವಿ ಸಾಕು.

ಕರಗಿದ ಲವಣವನ್ನು ತೆಗೆಯಬಲ್ಲದ್ದು ಆರ್‌ಒ. ಪಂಪ್ ಒತ್ತಡದಿಂದ ನೀರನ್ನು ಪೊರೆಯ ಮೂಲಕ ತಳ್ಳುತ್ತದೆ, ಲವಣದ ಬಹುಪಾಲು ಹಿಂದೆ ಉಳಿಯುತ್ತದೆ. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್, ಯುರೇನಿಯಂ ಎಲ್ಲವೂ ಗಣನೀಯವಾಗಿ ಇಳಿಯುತ್ತವೆ. ಜೊತೆಗೆ ದೇಹಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹೋಗುತ್ತವೆ. ಫ್ಲೋರೈಡ್ ಒಂದೇ ತೊಂದರೆಯಾದಲ್ಲಿ ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಫಿಲ್ಟರ್ ಅಥವಾ ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನವೂ ಉಂಟು.

ಕೊಳ್ಳುವ ಮುನ್ನ ಪರೀಕ್ಷೆ

ಮಾರಾಟಕ್ಕೆ ಬಂದವರು ಎರಡು ಗ್ಲಾಸುಗಳಲ್ಲಿ ಲೋಹದ ಕಡ್ಡಿಗಳನ್ನು ಅದ್ದಿ ವಿದ್ಯುತ್ ಹರಿಸಿ ತೋರಿಸುವ ಪ್ರದರ್ಶನ ಅನೇಕ ಮನೆಗಳಿಗೆ ಪರಿಚಿತ. ನಲ್ಲಿ ನೀರಿನ ಗ್ಲಾಸ್ ಕ್ಷಣದಲ್ಲಿ ಕಂದುಹಸಿರು ಗಷ್ಟಾಗಿ ಹೆದರಿಕೆ ಹುಟ್ಟಿಸುತ್ತದೆ, ಆರ್‌ಒ ನೀರು ತಿಳಿಯಾಗೇ ಇರುತ್ತದೆ. ಆ ಗಷ್ಟು ನೀರಿನಲ್ಲಿದ್ದ ಕೊಳೆಯಲ್ಲ, ಕಡ್ಡಿಯ ಕಬ್ಬಿಣವೇ ಕರಗಿ ಬಂದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಸರಾಗ ಹರಿಯುವುದರಿಂದ ಕಬ್ಬಿಣ ಬೇಗ ಕರಗುತ್ತದೆ. ಆರೋಗ್ಯಕರವಾದ ಬಾವಿ ನೀರೂ ಈ ಪರೀಕ್ಷೆಯಲ್ಲಿ ಸೋಲುತ್ತದೆ.

ಕೆಲವು ನೂರು ರೂಪಾಯಿಗೆ ಸಿಗುವ ಪೆನ್ನಿನಾಕಾರದ ಟಿಡಿಎಸ್ ಮೀಟರ್ ಉಪಯುಕ್ತ, ಆದರೆ ಅದಕ್ಕೊಂದು ಮಿತಿಯಿದೆ. ಅದು ನೀರಿನ ವಿದ್ಯುದ್ವಾಹಕತೆಯನ್ನು ಅಳೆದು ಒಟ್ಟು ಲವಣವನ್ನು ಅಂದಾಜಿಸುತ್ತದೆ. ಬ್ಯಾಕ್ಟೀರಿಯಾ ಅದಕ್ಕೆ ಕಾಣದು. ಮೈಕ್ರೋಗ್ರಾಂ ಲೆಕ್ಕದಲ್ಲೇ ಹಾನಿ ಮಾಡುವ ಆರ್ಸೆನಿಕ್ ಕೂಡ ಕಾಣದು. ಆದ್ದರಿಂದ ಬೋರ್‌ವೆಲ್ ನೀರು ಕುಡಿಯುವವರು ಪ್ರಯೋಗಾಲಯದಲ್ಲಿ ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಇ-ಕೋಲೈ ಇಷ್ಟನ್ನಾದರೂ ನೋಡಿಸಬೇಕು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ. ಹಳ್ಳಿಗಳಲ್ಲಿ ತರಬೇತಿ ಪಡೆದ ಮಹಿಳೆಯರು ಕಿಟ್ ಬಳಸಿ ಸ್ಥಳದಲ್ಲೇ ಪ್ರಾಥಮಿಕ ತಪಾಸಣೆ ಮಾಡುತ್ತಾರೆ. ರೋಗಾಣು ಪರೀಕ್ಷೆಗೆ ನೀರನ್ನು ಪ್ರಯೋಗಾಲಯ ಕೊಟ್ಟ ಕ್ರಿಮಿರಹಿತ ಬಾಟಲಿಯಲ್ಲೇ ಹಿಡಿದು, ತಂಪಾಗಿಟ್ಟು, 24 ಗಂಟೆಯೊಳಗೆ ತಲುಪಿಸಬೇಕು.

ಜೋಡಣೆ

ಗೋಡೆಗೆ ತೂಗುಹಾಕುವ ಆರ್‌ಒ ಯಂತ್ರಕ್ಕೆ ನಾಲ್ಕು ಅನುಕೂಲ ಬೇಕು: ನೀರಿನ ಪಾಯಿಂಟ್, ಮೂರು ಪಿನ್ನಿನ ಸಾಕೆಟ್, ಹೊರಹೋಗುವ ನೀರಿಗೆ ದಾರಿ, ಬಿಸಿಲು ಮತ್ತು ಒಲೆಯ ಕಾವು ತಾಗದ ಜಾಗ. ಬಿಸಿಲು ಬಿದ್ದರೆ ಪಾರದರ್ಶಕ ಬಟ್ಟಲುಗಳೊಳಗೆ ಪಾಚಿ ಕಟ್ಟುತ್ತದೆ. ಯಂತ್ರದ ನಲ್ಲಿಯ ಕೆಳಗೆ ದೊಡ್ಡ ಬಾಟಲಿ ಅಥವಾ ತಂಬಿಗೆ ಹಿಡಿಯುವಷ್ಟು ಎಡೆ ಇರಲಿ.

ಮೊದಲು ಒತ್ತಡದ ಲೆಕ್ಕ. ನೀರಿನ ಎತ್ತರ 10 ಅಡಿ ಇದ್ದರೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.3 ಕಿಲೋ. ಮಾಳಿಗೆಯ ಟ್ಯಾಂಕ್ ಅಡುಗೆಮನೆಗೆ ತೀರ ಹತ್ತಿರವಿದ್ದರೆ ಯಂತ್ರದ ಪಂಪ್‌ಗೆ ನೀರು ಸಾಲದೆ ಅದು ಗೊರಗುಟ್ಟುತ್ತದೆ. ಎತ್ತರದ ಅಪಾರ್ಟ್‌ಮೆಂಟಿನ ಕೆಳಮಹಡಿಗಳಲ್ಲಿ ಇದಕ್ಕೆ ವಿರುದ್ಧ: ಒತ್ತಡ ಮಿತಿಮೀರಿ ಜಾಯಿಂಟ್‌ಗಳು ಕಳಚಿಕೊಳ್ಳುತ್ತವೆ. ಅಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಕೂರಿಸಬೇಕು.

ನಲ್ಲಿ ಪಾಯಿಂಟಿಗೆ ಮೂರುದಾರಿ ಕನೆಕ್ಟರ್ ಸೇರಿಸಿ ಅದಕ್ಕೊಂದು ಬಾಲ್ ವಾಲ್ವ್ ಹಾಕುತ್ತಾರೆ. ತಿರುಪಿನ ಎಳೆಗಳಿಗೆ ಟೆಫ್ಲಾನ್ ಟೇಪ್ ಸುತ್ತುವಾಗ ತಿರುಪು ಬಿಗಿಯುವ ದಿಕ್ಕಿಗೇ ಸುತ್ತಬೇಕು, ಇಲ್ಲವಾದರೆ ಬಿಗಿಯುವಾಗ ಟೇಪ್ ಬಿಚ್ಚಿಕೊಂಡು ಸೋರುತ್ತದೆ. ಅಲ್ಲಿಂದ ಕಾಲು ಇಂಚಿನ ಆಹಾರಯೋಗ್ಯ ಪೈಪ್ ಹೊರಗಿನ ಪ್ರೀ-ಫಿಲ್ಟರ್‌ಗೆ ಹೋಗುತ್ತದೆ. ಇದರೊಳಗೆ ಬಿಳಿ ನೂಲಿನ ಉಂಡೆಯಂತೆ ಕಾಣುವ 5 ಮೈಕ್ರಾನ್ ಸ್ಪನ್ ಫಿಲ್ಟರ್ ಕೂರುತ್ತದೆ. ಮುಚ್ಚಳದ ಬಾಣದ ಗುರುತು ನೋಡಿ ಒಳದಾರಿ, ಹೊರದಾರಿ ಜೋಡಿಸಬೇಕು.

ಗೋಡೆಗೆ ತೂತು ಕೊರೆಯುವ ಮೊದಲು ಒಳಗೆ ಪೈಪ್, ವೈರ್ ಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಟೈಲ್ಸ್ ದಾಟುವವರೆಗೆ ಡ್ರಿಲ್‌ನ ಹ್ಯಾಮರ್ ನಿಲ್ಲಿಸಿ ನಿಧಾನವಾಗಿ ಕೊರೆದರೆ ಬಿರುಕು ಬಿಡದು. ಪೈಪನ್ನು ಓರೆಯಾಗದಂತೆ ನೇರಕ್ಕೆ ಕತ್ತರಿಸಿ, ಕನೆಕ್ಟರಿನ ಕೊನೆ ಮುಟ್ಟುವವರೆಗೆ ಒತ್ತಿ, ಕ್ಲಿಪ್ ಹಾಕಬೇಕು.

ಯಂತ್ರದೊಳಗೆ ನೀರಿನ ನಡೆ ಹೀಗೆ: ಸೆಡಿಮೆಂಟ್, ಕಾರ್ಬನ್, ಪಂಪ್, ಪೊರೆ, ಮತ್ತೊಂದು ಕಾರ್ಬನ್, ಯುವಿ, ಕೊನೆಗೆ ಟ್ಯಾಂಕ್. ಪೊರೆಗೆ ಮೊದಲೇ ಕಾರ್ಬನ್ ಇಡಲು ಬಲವಾದ ಕಾರಣವಿದೆ. ಈಗಿನ ಪಾಲಿಅಮೈಡ್ ಪೊರೆಗಳನ್ನು ಕ್ಲೋರಿನ್ ತಿಂದುಹಾಕುತ್ತದೆ. ಹೊಸ ಕಾರ್ಬನ್ನಿನಿಂದ ಮೊದಲು ಕಪ್ಪು ಪುಡಿ ಬೆರೆತ ನೀರು ಬರುತ್ತದೆ. ಅದನ್ನು ಬಕೆಟ್ಟಿಗೆ ಬಿಟ್ಟು, ತಿಳಿಯಾದ ಮೇಲಷ್ಟೇ ಪೊರೆಗೆ ಜೋಡಿಸಬೇಕು. ಅವಸರದಲ್ಲಿ ಈ ಹಂತ ತಪ್ಪಿಸಿದರೆ ಪುಡಿ ಪೊರೆಯ ಬಾಯಿ ಕಟ್ಟುತ್ತದೆ. ಪೊರೆಯನ್ನು ಸೋಪಿನಿಂದ ಕೈ ತೊಳೆದುಕೊಂಡು ಹಿಡಿದು, ಅದರ ರಬ್ಬರ್ ಉಂಗುರ ಮಡಚದಂತೆ ಕೊಳವೆಯೊಳಗೆ ತಳ್ಳಬೇಕು. ಹೊರಹೋಗುವ ನೀರಿನ ದಾರಿಯಲ್ಲಿ ಫ್ಲೋ ರಿಸ್ಟ್ರಿಕ್ಟರ್ ಎಂಬ ಸಣ್ಣ ಭಾಗವಿರುತ್ತದೆ. ಪೊರೆಯ ಮೇಲೆ ಒತ್ತಡ ನಿಲ್ಲುವುದು ಇದರಿಂದಲೇ.

ಮೊದಲ ಒಂದೆರಡು ಟ್ಯಾಂಕ್ ನೀರನ್ನು ಚೆಲ್ಲಬೇಕು, ಪೊರೆ ಕೆಡದಂತೆ ಹಾಕಿದ ರಾಸಾಯನಿಕ ಅದರಲ್ಲಿರುತ್ತದೆ. ಬಳಿಕ ಒಳಹೋಗುವ ಮತ್ತು ಹೊರಬರುವ ನೀರಿನ ಟಿಡಿಎಸ್ ಅಳೆಯಬೇಕು. 800 ಇದ್ದದ್ದು 80ರ ಆಸುಪಾಸಿಗೆ ಇಳಿದರೆ ಪೊರೆ ಸರಿಯಾಗಿ ಕೂತಿದೆ. ಆ ದಿನದ ಅಂಕಿಯನ್ನು ಯಂತ್ರದ ಬದಿಗೆ ಚೀಟಿಯಲ್ಲಿ ಬರೆದು ಅಂಟಿಸಿದರೆ ಮುಂದೆ ಪೊರೆ ಬದಲಿಸಲು ಬಂದವರ ಮಾತನ್ನು ಪರೀಕ್ಷಿಸುವ ಸಾಕ್ಷಿ ಸಿಗುತ್ತದೆ.

ಅನೇಕ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ತಿರುಪು ಇರುತ್ತದೆ. ರುಚಿ ಮತ್ತು ಖನಿಜಕ್ಕಾಗಿ ಅದು ಪೊರೆ ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ಬರೀ ಗಡಸು ನೀರಿಗೆ ಇದರಿಂದ ಬಾಧಕವಿಲ್ಲ. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಇರುವ ನೀರಿನಲ್ಲಿ ಆ ತಿರುಪು ತೆರೆದರೆ ತೆಗೆದ ವಿಷವೇ ಗ್ಲಾಸಿಗೆ ಮರಳುತ್ತದೆ. ಅಂಥ ಊರುಗಳಲ್ಲಿ ಅದನ್ನು ಪೂರ್ತಿ ಮುಚ್ಚಿಸಬೇಕು.

ನಿರ್ವಹಣೆ

ಯಂತ್ರ ಗೋಡೆಗೆ ಏರಿದ ದಿನದಿಂದಲೇ ಅದರ ಭಾಗಗಳು ಸವೆಯತೊಡಗುತ್ತವೆ. ಸ್ಪನ್ ಫಿಲ್ಟರ್ ಬಿಳುಪು ಕಳೆದು ಕಂದಾದಾಗ, ಬೋರ್‌ವೆಲ್ ಮನೆಗಳಲ್ಲಿ ಸುಮಾರು ಮೂರು ತಿಂಗಳಿಗೆ, ಬದಲಿಸಬೇಕು. ಕಾರ್ಬನ್ ಆರು ತಿಂಗಳಿಂದ ಒಂದು ವರ್ಷ, ಪೊರೆ ನೀರಿನ ಗಡಸುತನಕ್ಕೆ ತಕ್ಕಂತೆ ಒಂದರಿಂದ ಮೂರು ವರ್ಷ ಬಾಳುತ್ತದೆ. ಯುವಿ ದೀಪ ನೀಲಿಯಾಗಿ ಉರಿಯುತ್ತಿದ್ದರೂ ಸುಮಾರು 8000 ಗಂಟೆಯ ನಂತರ ರೋಗಾಣು ಕೊಲ್ಲುವ ಶಕ್ತಿ ಕುಂದಿರುತ್ತದೆ. ಹಬ್ಬಕ್ಕೋ ಜಾತ್ರೆಗೋ ವಾರಗಟ್ಟಲೆ ಊರಿಗೆ ಹೋಗಿ ಬಂದವರು ಟ್ಯಾಂಕಿನಲ್ಲಿ ನಿಂತ ನೀರನ್ನು ಖಾಲಿ ಮಾಡಿಯೇ ಹೊಸದು ತುಂಬಿಸಬೇಕು. ಸಂಪು ಮತ್ತು ಮಾಳಿಗೆಯ ಟ್ಯಾಂಕನ್ನು ಆರು ತಿಂಗಳಿಗೊಮ್ಮೆ ಉಜ್ಜಿ ತೊಳೆಯದಿದ್ದರೆ ಎಷ್ಟು ಬೆಲೆಯ ಯಂತ್ರವೂ ಬೇಗ ಸೋಲುತ್ತದೆ.

ಪೋಲಾಗುವ ನೀರು ಮತ್ತು ಕಾನೂನು

ಸಾಧಾರಣ ಮನೆಯ ಆರ್‌ಒ ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಹಾಕುತ್ತದೆ. ದಿನಕ್ಕೆ 20 ಲೀಟರ್ ಬಳಸುವ ಮನೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಲೀಟರ್ ಹೊರಹೋಗುತ್ತದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರಕ್ಕೆ ವಿದ್ಯುತ್ ಸುರಿದು ಎತ್ತಿ ಬೆಂಗಳೂರಿಗೆ ತಂದ ಕಾವೇರಿ ನೀರಿಗೆ ಈ ಗತಿ ಬರುವುದು ನಿಜಕ್ಕೂ ನೋವಿನ ಸಂಗತಿ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಹೇಳಿತು. ಕೇಂದ್ರ ಪರಿಸರ ಸಚಿವಾಲಯ 2023ರ ನವೆಂಬರ್‌ನಲ್ಲಿ ನೀರು ಶುದ್ಧೀಕರಣ ವ್ಯವಸ್ಥೆಗಳ ಬಳಕೆ ಕುರಿತ ನಿಯಮಗಳನ್ನು ಪ್ರಕಟಿಸಿತು.

ಹೊರಹೋಗುವ ನೀರನ್ನು ಡ್ರಮ್ಮಿನಲ್ಲಿ ಹಿಡಿದರೆ ನೆಲ ಒರೆಸಲು, ಶೌಚಾಲಯಕ್ಕೆ, ಪಾತ್ರೆಯ ಮೊದಲ ತೊಳೆತಕ್ಕೆ ಬರುತ್ತದೆ. ಮೂಲ ನೀರೇ ಉಪ್ಪಾಗಿದ್ದರೆ ಗಿಡಗಳಿಗೆ ಹಾಕಬಾರದು, ಮಣ್ಣು ಸವಳಾಗುತ್ತದೆ.

ಊರಿನ ಘಟಕ, ಮನೆಯ ಮಳೆನೀರು

ಪ್ರತಿ ಮನೆಗೂ ಯಂತ್ರ ಕೊಳ್ಳಲಾಗದ ಹಳ್ಳಿಗಳಿಗೆ ರಾಜ್ಯ ಕಂಡುಕೊಂಡ ದಾರಿ ಶುದ್ಧ ಕುಡಿಯುವ ನೀರಿನ ಘಟಕ. ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ 2013ರ ನಂತರ ಈ ಘಟಕಗಳು ಸಾವಿರಾರು ಹಳ್ಳಿಗಳಿಗೆ ಹರಡಿದವು. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುವ ದೃಶ್ಯ ಈಗ ಬಯಲುಸೀಮೆಯಲ್ಲಿ ಎಲ್ಲೆಲ್ಲೂ ಇದೆ. ಮೊಣಕಾಲು ನೋವಿನಿಂದ ನರಳುತ್ತಿದ್ದ ಸೀಮೆಗಳಿಗೆ ಇದು ದೊಡ್ಡ ಉಪಕಾರ. ಆದರೆ ಪೊರೆ ಬದಲಿಸುವ ಹಣ, ದುರಸ್ತಿಯ ಹೊಣೆ ಯಾರದೆಂದು ತೀರ್ಮಾನವಾಗದ ಕಡೆ ಘಟಕಗಳು ಬೀಗ ಹಾಕಿಕೊಂಡು ನಿಂತಿವೆ.

ಫ್ಲೋರೈಡ್ ಸೀಮೆಗೆ ಇನ್ನೂ ಒಳ್ಳೆಯ ಉತ್ತರ ಮಳೆನೀರು. ಅದರಲ್ಲಿ ಬಂಡೆಯ ಖನಿಜವಿಲ್ಲ, ಆರ್‌ಒ ಬೇಕಿಲ್ಲ. ಬೆಂಗಳೂರಿನ ಎ.ಆರ್. ಶಿವಕುಮಾರ್ ತಮ್ಮ ಮನೆಯನ್ನು 1990ರ ದಶಕದಿಂದ ಮಳೆನೀರಿನಲ್ಲೇ ನಡೆಸಿ ತೋರಿಸಿದ್ದಾರೆ. 2009ರಲ್ಲಿ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಮೊದಲ ಮಳೆಯನ್ನು ಹೊರಬಿಟ್ಟು, ಮರಳು ಮತ್ತು ಇದ್ದಿಲಿನಲ್ಲಿ ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿಟ್ಟು, ಕುದಿಸಿ ಕುಡಿದರೆ ಸಾಕು.

ಹೊಸ ಫಿಲ್ಟರ್ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಒಯ್ಯಲಿ. ವರದಿಯಲ್ಲಿ ರೋಗಾಣು ಮಾತ್ರ ಇದ್ದರೆ ಯುವಿ ಅಥವಾ ಯುಎಫ್ ಕೊಳ್ಳಲಿ. ಲವಣ, ಫ್ಲೋರೈಡ್ ಮಿತಿಮೀರಿದ್ದರೆ ಆರ್‌ಒ ಹಾಕಿಸಿ, ಹೊರಹೋಗುವ ನೀರಿಗೆ ಡ್ರಮ್ ಇಡಲಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಅದೇ ಪರೀಕ್ಷೆಯನ್ನು ಫಿಲ್ಟರ್‌ನಿಂದ ಬಂದ ನೀರಿಗೂ ಮಾಡಿಸಲಿ.